ಗೆಳತಿ ತಾನು ಬರೆದ ಕಾಗದಗಳನ್ನು ವಾಪಸ್ ಕೇಳುತ್ತಿದ್ದಾಳೆ, ಕೊಡಲೇ?

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಬ್ಯಾಂಕಿನಲ್ಲಿದ್ದು ಈಗ ನಿವೃತ್ತಳಾಗಿದ್ದೇನೆ. ನನ್ನ ಕಾಲೇಜಿನ ಗೆಳತಿ 1984ರಲ್ಲಿ ಮದುವೆಯಾಗಿ ಜಮ್‌ಶೆಡ್‌ಪುರಕ್ಕೆ ಹೋದಳು. ಅಂದಿನಿಂದ ಇಬ್ಬರೂ ಕಾಗದ ಬರೆದುಕೊಂಡು ಬಂದಿದ್ದೇವೆ. ಭೇಟಿಯಾದದ್ದು ತೀರಾ ಕಡಿಮೆ. ಹೋದ ತಿಂಗಳು ಫೋನ್ ಮಾಡಿ, "ನಾನು ಬರೆದದ್ದನ್ನೆಲ್ಲ ಒಂದ್ಸಲ ಕಳಿಸಿಬಿಡೇ" ಅಂದಳು. ಯಾಕೆ ಅಂದರೆ "ಸುಮ್ನೆ" ಅಂತಾಳೆ. ನನಗೆ ಎದೆ ಧಸಕ್ಕೆಂದಿತು. ಸಂಬಂಧ ಮುಗಿಸುವವರು ತಾನೇ ಕಾಗದ ವಾಪಸ್ ಕೇಳುವುದು? ಇಂಗ್ಲಿಷ್ ಎಂ.ಎ. ಓದಿದ ಮಗಳು ಸಮಾಧಾನ ಮಾಡಲು ಬಂದು, "ಹದಿನೆಂಟನೇ ಶತಮಾನದಲ್ಲಿ ಹೊರೇಸ್ ವಾಲ್‌ಪೋಲ್ ಅಂತ ಒಬ್ಬನಿದ್ದ. ಮುಖವನ್ನೇ ನೋಡದೆ ನಲವತ್ತೈದು ವರ್ಷ ಗೆಳೆಯನಿಗೆ ಬರೆದ, ಬರೆದದ್ದನ್ನೆಲ್ಲ ವಾಪಸ್ ತರಿಸಿಕೊಂಡ. ಪುಸ್ತಕ ಮಾಡಲಿಕ್ಕೇ ಬರೆದಿದ್ದಂತೆ" ಅಂದಳು. ಸಮಾಧಾನದ ಬದಲು ಬೇಜಾರು ಜಾಸ್ತಿಯಾಯಿತು. ಅವನ ಕಥೆ ನಿಜವೇ? ನಾನು ಕಾಗದ ಕೊಡಲೋ, ಬೇಡವೋ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಅಂಜಿಕೆ ಕಲಸಿಕೊಂಡಿವೆ. ಗೆಳತಿ ದೂರವಾಗುತ್ತಿದ್ದಾಳೆಯೇ ಅನ್ನುವುದು ಒಂದು. ಇಷ್ಟು ವರ್ಷ ಬರೆದದ್ದೆಲ್ಲ ನಿಜವಾಗಿತ್ತೇ ಅನ್ನುವುದು ಇನ್ನೊಂದು. ಎರಡನೆಯದನ್ನು ತಂದಿಟ್ಟದ್ದು ಮಗಳು. ಹಳೆಯ ಕಾಗದಪತ್ರ ಓದುವುದು, ಜೋಡಿಸುವುದು, ಕಾಪಾಡುವುದು ನನ್ನ ಕಸುಬು. ಹದಿನೆಂಟನೇ ಶತಮಾನದ ಪತ್ರಗಳು ಅದರಲ್ಲಿ ನನಗೆ ಇಷ್ಟದ ವಿಷಯ. ಹಾಗಾಗಿ ವಾಲ್‌ಪೋಲ್‌ನಿಂದಲೇ ಶುರು ಮಾಡುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಹೊರೇಸ್ ವಾಲ್‌ಪೋಲ್ ಹುಟ್ಟಿದ್ದು 1717ರಲ್ಲಿ. ಬ್ರಿಟನ್ನಿನ ಮೊದಲ ಪ್ರಧಾನಿ ಎಂದು ಎಣಿಸುವ ಸರ್ ರಾಬರ್ಟ್ ವಾಲ್‌ಪೋಲ್ ಅವನ ಅಪ್ಪ. ಶ್ರೀಮಂತರ ಮನೆಯ ಹುಡುಗರು ಓದು ಮುಗಿಸಿ ಯುರೋಪ್ ಸುತ್ತಿ ಬರುವುದು ಆ ಕಾಲದ ರೂಢಿ. ಇವನೂ 1739ರಲ್ಲಿ ಹೊರಟ. ಜೊತೆಗೆ ಶಾಲೆಯ ಗೆಳೆಯ, ಕವಿ ಥಾಮಸ್ ಗ್ರೇ. ಆ ವರ್ಷದ ಡಿಸೆಂಬರಿನಲ್ಲಿ ಇಬ್ಬರೂ ಇಟಲಿಯ ಫ್ಲಾರೆನ್ಸ್ ಮುಟ್ಟಿದರು. ಅಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯ ಕೆಲಸ ನೋಡಿಕೊಳ್ಳುತ್ತಿದ್ದವನು ಹೊರೇಸ್ ಮ್ಯಾನ್. ವಾಲ್‌ಪೋಲ್‌ಗಿಂತ ಹನ್ನೊಂದು ವರ್ಷ ದೊಡ್ಡವನು, ಮೆತ್ತಗಿನ ಮನುಷ್ಯ, ಅತಿಥಿ ಸತ್ಕಾರದಲ್ಲಿ ಎತ್ತಿದ ಕೈ. ನಡುವೆ ರೋಮಿಗೆ ಹೋಗಿಬಂದ ತಿಂಗಳುಗಳನ್ನು ಬಿಟ್ಟರೆ ವಾಲ್‌ಪೋಲ್ ಸುಮಾರು ಒಂದು ವರ್ಷ ಅವನ ಆಸರೆಯಲ್ಲೇ ಕಳೆದ. 1741ರ ವಸಂತದಲ್ಲಿ ಊರಿಗೆ ಹೊರಟ. ಆಗ ಅವನಿಗೆ 23.

ಅದೇ ಕೊನೆ. ಆಮೇಲೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. ಮ್ಯಾನ್ 1786ರ ನವೆಂಬರಿನಲ್ಲಿ ಫ್ಲಾರೆನ್ಸ್‌ನಲ್ಲೇ ತೀರಿಕೊಂಡ. ವಾಲ್‌ಪೋಲ್ ಇನ್ನೂ ಹತ್ತು ವರ್ಷ ಬದುಕಿ 1797ರಲ್ಲಿ ಹೋದ. ನಡುವಿನ ನಲವತ್ತೈದು ವರ್ಷ ಬರೀ ಕಾಗದ. ಇಬ್ಬರದೂ ಸೇರಿದರೆ ಸಾವಿರಕ್ಕಿಂತ ಬಹಳ ಜಾಸ್ತಿ. ಮಗಳು ಹೇಳಿದ ಈ ಭಾಗ ಪೂರ್ತಿ ನಿಜ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಎರಡು ವರ್ಷ ಒಂದೇ ಗಾಡಿಯಲ್ಲಿ ಕೂತು, ಒಂದೇ ಛತ್ರದಲ್ಲಿ ಮಲಗಿ ಓಡಾಡಿದ ಗ್ರೇ ಜೊತೆಗೆ ವಾಲ್‌ಪೋಲ್ 1741ರಲ್ಲೇ ರೆಜ್ಜೊ ಅನ್ನುವ ಊರಿನಲ್ಲಿ ಜಗಳ ಆಡಿಕೊಂಡ. ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ರಾಜಿಯಾಗಲು 1745 ಬರಬೇಕಾಯಿತು. ದಿನಾ ಎದುರಿಗಿದ್ದವನ ಜೊತೆ ಕೆಡಿಸಿಕೊಂಡ, ಕಣ್ಣಿಗೇ ಬೀಳದವನ ಜೊತೆ ಅರ್ಧ ಶತಮಾನ ನಿಭಾಯಿಸಿದ. ಭೇಟಿ ಕಡಿಮೆ ಅಂತ ನೀವು ಸ್ವಲ್ಪ ಸಂಕೋಚದಿಂದ ಬರೆದಿದ್ದೀರಿ ಅನ್ನಿಸಿತು. ಅದಕ್ಕೇ ಇದನ್ನು ಹೇಳಿದೆ.

ಈಗ "ಪುಸ್ತಕ ಮಾಡಲಿಕ್ಕೇ ಬರೆದದ್ದು" ಅನ್ನುವ ಮಾತು. ಇದಕ್ಕೆ ಆಧಾರ ಇಲ್ಲ ಅಂತಲ್ಲ. ವಾಲ್‌ಪೋಲ್ ತನ್ನ ಕಾಗದಗಳನ್ನು ಮ್ಯಾನ್‌ನಿಂದ ಕಂತುಕಂತಾಗಿ ವಾಪಸ್ ತರಿಸಿಕೊಂಡದ್ದು ನಿಜ. ಅಂಚೆಯನ್ನು ನಂಬದೆ, ಪರಿಚಯದವರು ಇಂಗ್ಲೆಂಡಿಗೆ ಹೊರಟಾಗ ಅವರ ಕೈಯಲ್ಲಿ ಕಟ್ಟು ಕೊಟ್ಟು ಕಳಿಸಬೇಕಿತ್ತು. 1754ರಿಂದ ಅವುಗಳ ನಕಲು ಬರೆಯಲು ಕೂತ. ಮುಂದೆ ಕಾರ್ಯದರ್ಶಿಯ ಕೈಯಲ್ಲೂ ಬರೆಸಿದ. ನಕಲು ಮಾಡುವಾಗ ಅಲ್ಲಲ್ಲಿ ತಿದ್ದಿದ, ಬೇಡದ್ದನ್ನು ಬಿಟ್ಟ. ತನ್ನ ಕಾಲದ ಚರಿತ್ರೆ ಇದರಲ್ಲಿ ಉಳಿಯುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟೇ ಅಲ್ಲ, ಅವನ ಗೆಳೆಯರಲ್ಲಿ ಒಬ್ಬೊಬ್ಬರಿಗೂ ಒಂದೊಂದು ವಿಷಯ. ಮ್ಯಾನ್‌ಗೆ ರಾಜಕೀಯ. ಜಾರ್ಜ್ ಮಾಂಟಗುಗೆ ಊರ ಸುದ್ದಿ. ವಿಲಿಯಂ ಕೋಲ್ ಅನ್ನುವ ಪಾದ್ರಿಗೆ ಹಳೆಯ ಇಗರ್ಜಿ, ಶಾಸನ, ವಂಶಾವಳಿ. ಇದನ್ನು ನೋಡಿದವರಿಗೆ ಲೆಕ್ಕಾಚಾರದ ಮನುಷ್ಯ ಅನ್ನಿಸುವುದು ಸಹಜವೇ.

ಈ ಅಭಿಪ್ರಾಯವನ್ನು ಜೋರಾಗಿ ಹಬ್ಬಿಸಿದವನು ಮೆಕಾಲೆ. ಹೌದು, ನಮ್ಮ ಇಂಗ್ಲಿಷ್ ಶಿಕ್ಷಣದ ಮೆಕಾಲೆಯೇ. ವಾಲ್‌ಪೋಲ್ ಮ್ಯಾನ್‌ಗೆ ಬರೆದ ಪತ್ರಗಳ ಮೊದಲ ಮೂರು ಸಂಪುಟ 1833ರಲ್ಲಿ ಅಚ್ಚಾದಾಗ ಅವನು ಒಂದು ಖಾರವಾದ ವಿಮರ್ಶೆ ಬರೆದ. ಮುಖವಾಡದೊಳಗೆ ಮುಖವಾಡ, ಇವನಲ್ಲಿ ಸಹಜವಾದದ್ದು ಏನೂ ಇಲ್ಲ ಅನ್ನುವ ಧಾಟಿ. (ಮರು ವರ್ಷವೇ ಅವನು ಮದರಾಸಿನಲ್ಲಿ ಇಳಿದು, ಬೆಂಗಳೂರು, ಶ್ರೀರಂಗಪಟ್ಟಣದ ಮೇಲೆ ಊಟಿಗೆ ಹೋದ. ಅದು ಬೇರೆ ಕಥೆ.) ಬರವಣಿಗೆ ಎಷ್ಟು ಚೂಪಾಗಿತ್ತೆಂದರೆ ನೂರು ವರ್ಷ ಅದೇ ತೀರ್ಪಾಗಿ ಉಳಿಯಿತು. ನಿಮ್ಮ ಮಗಳ ಪಠ್ಯದಲ್ಲಿ ಬಂದದ್ದೂ ಅದರ ಪ್ರತಿಧ್ವನಿಯೇ ಇರಬೇಕು.

ಆದರೆ ಮೆಕಾಲೆಯ ಮುಂದೆ ಇದ್ದದ್ದು ಒಂದೇ ಕಡೆಯ ಪತ್ರಗಳು. ವಾಲ್‌ಪೋಲ್ ಬರೆದದ್ದು ಇತ್ತು, ಮ್ಯಾನ್ ಬರೆದದ್ದು ಇರಲಿಲ್ಲ. ಮ್ಯಾನ್‌ನ ಬರವಣಿಗೆ ಸಪ್ಪೆ, ಓದಲಿಕ್ಕಾಗದು ಅಂತ ಹತ್ತೊಂಬತ್ತನೇ ಶತಮಾನದವರು ಪಕ್ಕಕ್ಕಿಟ್ಟಿದ್ದರು. ಎರಡೂ ಕಡೆಯದು ತಾರೀಖಿನ ಪ್ರಕಾರ ಪೂರ್ತಿ ಒಟ್ಟಿಗೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆವೃತ್ತಿಯಲ್ಲಿ. 1937ರಲ್ಲಿ ಶುರುವಾದ ಆ ಕೆಲಸ 1983ಕ್ಕೆ 48 ಸಂಪುಟಗಳಾಗಿ ಮುಗಿಯಿತು. ಮ್ಯಾನ್ ಜೊತೆಗಿನ ಪತ್ರಗಳಿಗೇ ಹತ್ತಕ್ಕಿಂತ ಹೆಚ್ಚು ಸಂಪುಟ ಬೇಕಾಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಚಿತ್ರವೇ ಬದಲಾಗುತ್ತದೆ. ಒಂದೇ ಕಡೆಯದನ್ನು ಓದುವಾಗ ಭಾಷಣದ ಹಾಗೆ ಕೇಳುವ ಸಾಲು, ಇನ್ನೊಂದು ಕಡೆಯದು ಸಿಕ್ಕಾಗ ಒಂದು ಪ್ರಶ್ನೆಗೆ ಕೊಟ್ಟ ಉತ್ತರ ಅಂತ ತಿಳಿಯುತ್ತದೆ. ಅಷ್ಟು ರಾಜಕೀಯ ಯಾಕೆ ಬರೆದ? ಮ್ಯಾನ್‌ಗೆ ಅದು ಹೊಟ್ಟೆಪಾಡು. ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ಮನೆತನದವರು ರೋಮಿನಲ್ಲಿ ಕೂತು ಬ್ರಿಟನ್ನಿನ ಗದ್ದುಗೆಗೆ ಹೊಂಚು ಹಾಕುತ್ತಿದ್ದರು. ಅವರ ಮೇಲೆ ಕಣ್ಣಿಡುವುದು ಮ್ಯಾನ್‌ನ ಮುಖ್ಯ ಕೆಲಸ. 1745ರಲ್ಲಿ ಆ ಮನೆಯ ಹುಡುಗ ಚಾರ್ಲ್ಸ್ ಸ್ಕಾಟ್‌ಲ್ಯಾಂಡಿನಲ್ಲಿ ದಂಡು ಕಟ್ಟಿ ದಕ್ಷಿಣಕ್ಕೆ ನುಗ್ಗಿದಾಗ ಮ್ಯಾನ್ ಫ್ಲಾರೆನ್ಸ್‌ನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ. ದಂಗೆ ಗೆದ್ದಿದ್ದರೆ ಅವನ ಕೆಲಸ ಹೋಗುತ್ತಿತ್ತು, ತಿರುಗಿ ಬರಲು ದೇಶವೂ ಇರುತ್ತಿರಲಿಲ್ಲ. ಲಂಡನ್ನಿನಿಂದ ಕಾಗದ ಬರಲು ಮೂರು ವಾರವಾದರೂ ಬೇಕು. ಆ ಹೊತ್ತಿನಲ್ಲಿ ಗೆಳೆಯನೊಬ್ಬ ಆದದ್ದನ್ನು ಬಿಡಿಸಿ ಬಿಡಿಸಿ ಬರೆಯುವುದು ಎಷ್ಟು ದೊಡ್ಡ ಆಸರೆ ಅಲ್ವಾ?

ಇನ್ನೊಂದು ಕಾರಣವೂ ಇತ್ತು. ವರ್ಷ ಕಳೆದಂತೆ ಇಬ್ಬರಿಗೂ ಗೊತ್ತಿದ್ದವರು ಒಬ್ಬೊಬ್ಬರಾಗಿ ಸತ್ತರು. ಲಂಡನ್ನಿನ ಹೊಸ ಮುಖಗಳು ಮ್ಯಾನ್‌ಗೆ ಗೊತ್ತಿಲ್ಲ. ನಲವತ್ತು ವರ್ಷ ಊರು ಬಿಟ್ಟವನಿಗೆ ಊರ ಹರಟೆ ಹೇಳುವುದು ಹೇಗೆ ಅಂತ ವಾಲ್‌ಪೋಲ್‌ಗೇ ಪೇಚಾಟ. ಉಳಿದದ್ದು ಇಬ್ಬರಿಗೂ ಅರ್ಥವಾಗುವ ದೊಡ್ಡ ಸುದ್ದಿ: ಯುದ್ಧ, ಮಂತ್ರಿಮಂಡಲ, ಅಮೆರಿಕ ಬ್ರಿಟನ್ನಿನ ಕೈತಪ್ಪಿ ಹೋದದ್ದು. ನೀವೂ ಗಮನಿಸಿರಬಹುದು. ಮೊದಲ ಹತ್ತು ವರ್ಷದ ಕಾಗದಗಳಲ್ಲಿ ಕಾಲೇಜಿನವರ ಹೆಸರು ತುಂಬಿರುತ್ತವೆ, ಆಮೇಲಿನವುಗಳಲ್ಲಿ ಮಕ್ಕಳ ಪರೀಕ್ಷೆ, ಮಂಡಿನೋವು. ಅದನ್ನು ಸ್ನೇಹ ಸವೆಯಿತು ಅಂತ ತಿಳಿಯಬೇಡಿ.

ಹಾಗಂತ ಎಲ್ಲ ಗಂಭೀರವೂ ಅಲ್ಲ. 1750ರ ಫೆಬ್ರವರಿ 8ರಂದು ಲಂಡನ್ನಿನಲ್ಲಿ ಭೂಮಿ ನಡುಗಿತು. ಸರಿಯಾಗಿ ನಾಲ್ಕು ವಾರಕ್ಕೆ, ಮಾರ್ಚ್ 8ರಂದು, ಇನ್ನೊಮ್ಮೆ. ಮೂರನೆಯದು ಊರನ್ನೇ ನುಂಗುತ್ತದೆ ಅಂತ ಸುದ್ದಿ ಹಬ್ಬಿ ಗಾಡಿಗಳು ಸಾಲುಗಟ್ಟಿ ಊರು ಬಿಟ್ಟವು. ಅದೇ ಏಪ್ರಿಲಿನಲ್ಲಿ ವಾಲ್‌ಪೋಲ್ ಮ್ಯಾನ್‌ಗೆ ಬರೆದ ಕಾಗದದಲ್ಲಿ, ರಾತ್ರಿಯಿಡೀ ಬಯಲಲ್ಲಿ ಕೂರಲು ಹೆಂಗಸರು ಬೆಚ್ಚಗಿನ "ಭೂಕಂಪದ ಗೌನು" ಹೊಲಿಸಿಕೊಳ್ಳುತ್ತಿದ್ದಾರೆ ಅನ್ನುವ ವರ್ಣನೆ ಇದೆ. ಮೊದಮೊದಲ ವರ್ಷಗಳಲ್ಲಿ ಅವನು ಮ್ಯಾನ್‌ನನ್ನು ಕರೆಯುತ್ತಿದ್ದದ್ದು "ನನ್ನ ಮುದ್ದು ಮಗುವೇ" ಅಂತ. ನೆನಪಿಡಿ, ಮಗು ಇವನಿಗಿಂತ ಹನ್ನೊಂದು ವರ್ಷ ದೊಡ್ಡದು!

ಇದೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಅವರು ಒಬ್ಬರಿಗೊಬ್ಬರು ಮಾಡಿಕೊಟ್ಟ ಚಿಲ್ಲರೆ ಕೆಲಸಗಳು. ಮೆಕಾಲೆ ಇವುಗಳ ಮೇಲೆ ಕಣ್ಣೇ ಹಾಯಿಸಲಿಲ್ಲ. 1742ರಲ್ಲಿ ವಾಲ್‌ಪೋಲ್‌ನ ಅಪ್ಪ ಅಧಿಕಾರ ಕಳೆದುಕೊಂಡಾಗ, ಇನ್ನು ನನ್ನ ಗತಿಯೇನು ಅಂತ ಮ್ಯಾನ್ ಹೆದರಿದ. ಅವನ ಹುದ್ದೆ ಉಳಿಯಲಿ ಅಂತ ಲಂಡನ್ನಿನಲ್ಲಿ ಓಡಾಡಿದವನು ವಾಲ್‌ಪೋಲ್. ಇತ್ತ ವಾಲ್‌ಪೋಲ್‌ನ ಅತ್ತಿಗೆ ಲೇಡಿ ಆರ್ಫರ್ಡ್ ಗಂಡನ ಮನೆ ಬಿಟ್ಟು ಇಟಲಿಯಲ್ಲಿ ನೆಲೆಸಿದ್ದಳು. 1781ರಲ್ಲಿ ಅವಳು ಪೀಸಾದಲ್ಲಿ ಸತ್ತಾಗ ಆಸ್ತಿ, ಉಯಿಲಿನ ಕಗ್ಗಂಟಿಗೆ ಕೈಹಾಕಿದವನು ಎಪ್ಪತ್ತೈದರ ಹತ್ತಿರದ ಮ್ಯಾನ್. 1753ರ ಕೊನೆಯಲ್ಲಿ ಮ್ಯಾನ್ ಒಂದು ಚಿತ್ರ ಉಡುಗೊರೆ ಕಳಿಸಿದ್ದ. ಹಿಂದೆ ಫ್ಲಾರೆನ್ಸ್ ಆಳಿದ ಮೆದಿಚಿ ಮನೆತನಕ್ಕೆ ಮದುವೆಯಾಗಿ ಬಂದ ಬಿಯಾಂಕಾ ಕಪೆಲ್ಲೊಳ ಭಾವಚಿತ್ರ. ಅದಕ್ಕೆ ಧನ್ಯವಾದ ಹೇಳಲು 1754ರ ಜನವರಿ 28ರಂದು ವಾಲ್‌ಪೋಲ್ ಕುಣಿದಾಡುತ್ತಾ ಬರೆದ ಕಾಗದದಲ್ಲೇ "ಸೆರೆಂಡಿಪಿಟಿ" (ಹುಡುಕದೆಯೇ ಒಳ್ಳೆಯದೊಂದು ಆಕಸ್ಮಿಕವಾಗಿ ಸಿಗುವುದು) ಅನ್ನುವ ಇಂಗ್ಲಿಷ್ ಪದ ಹುಟ್ಟಿದ್ದು. ಮ್ಯಾನ್‌ನ ಭಾವಚಿತ್ರ ಕೂಡ, ಜಾನ್ ಆಸ್ಟ್ಲಿ ಅನ್ನುವವನಿಂದ ಬರೆಸಿದ್ದು, ಲಂಡನ್ ಹತ್ತಿರ ವಾಲ್‌ಪೋಲ್ ಕಟ್ಟಿಸಿದ ಸ್ಟ್ರಾಬೆರಿ ಹಿಲ್ ಮನೆ ಸೇರಿತು. ನಟನೆ ಮಾಡುವವನು ಸೊಗಸಾದ ಪತ್ರ ಬರೆದಾನು. ಗೆಳೆಯನ ಕೆಲಸ ಉಳಿಸಲು ಮಂತ್ರಿಗಳ ಬಾಗಿಲು ಕಾಯುವುದು ಕಷ್ಟ.

ಮತ್ತೆ ಯಾಕೆ ಭೇಟಿಯಾಗಲಿಲ್ಲ? 1775ರಲ್ಲಿ ಅಣ್ಣ ತೀರಿಕೊಂಡು ಕೆಂಟ್ ಪ್ರಾಂತ್ಯದ ಲಿಂಟನ್ ಎಸ್ಟೇಟು ಮ್ಯಾನ್ ಪಾಲಿಗೆ ಬಂತು. ಇನ್ನಾದರೂ ಬರುತ್ತಾನೆ ಅಂತ ವಾಲ್‌ಪೋಲ್ ಆಸೆಪಟ್ಟ. ಎಪ್ಪತ್ತರ ಅಂಚಿನ ಮ್ಯಾನ್ ಕದಲಲಿಲ್ಲ. ಇಬ್ಬರೂ ಸಂಧಿವಾತದವರು. ಆಲ್ಪ್ಸ್ ದಾಟುವ ಪ್ರಯಾಣ ಆಗ ಹುಡುಗಾಟವಲ್ಲ. ಮನಸ್ಸಿಲ್ಲದೆ ಅಲ್ಲ, ಮೈ ಕೇಳಲಿಲ್ಲ ಅಂತಲೇ ನಾನು ಓದಿಕೊಂಡಿದ್ದೇನೆ. ಅಂಚೆಯ ಚರಿತ್ರೆಯಲ್ಲೇ ನಮ್ಮಂಥ ಜೋಡಿ ಇನ್ನೊಂದಿರಲಿಕ್ಕಿಲ್ಲ ಅಂತ ಕೊನೆಯ ವರ್ಷಗಳಲ್ಲಿ ವಾಲ್‌ಪೋಲ್ ಹೆಮ್ಮೆ, ತಮಾಷೆ ಎರಡನ್ನೂ ಬೆರೆಸಿ ಬರೆದ. ಬೆರಳು ಊದಿಕೊಂಡು ಪೆನ್ನು ಹಿಡಿಯಲಾಗದ ದಿನ ಇನ್ನೊಬ್ಬರ ಕೈಯಲ್ಲಿ ಬರೆಸಿ ಕಳಿಸುತ್ತಿದ್ದ. 1786ರ ಬೇಸಿಗೆಯವರೆಗೂ ನಿಲ್ಲಿಸಲಿಲ್ಲ.

ವಾಪಸ್ ಕೇಳಿದ್ದಕ್ಕೆ ಬರುತ್ತೇನೆ. ಆ ಕಾಲದಲ್ಲಿ ಕಾಗದ ಅನ್ನುವುದು ಪೂರ್ತಿ ಗುಟ್ಟಿನದೂ ಅಲ್ಲ, ಪೂರ್ತಿ ಬಯಲಿನದೂ ಅಲ್ಲ. ನಮ್ಮ ಮನೆಗಳಲ್ಲಿ ಇನ್‌ಲ್ಯಾಂಡ್ ಲೆಟರ್ ಬಂದರೆ ಒಬ್ಬರು ಜೋರಾಗಿ ಓದಿ ಉಳಿದವರು ಕೇಳುತ್ತಿದ್ದೆವಲ್ಲ, ಹಾಗೆ. ಚೆನ್ನಾಗಿ ಬರೆದ ಪತ್ರ ಕೈಯಿಂದ ಕೈಗೆ ಹೋಗುತ್ತಿತ್ತು. ಅದರ ಮೇಲೆ ಯುರೋಪಿನ ಅಂಚೆ ಕಚೇರಿಗಳಲ್ಲಿ ಸರ್ಕಾರದವರು ಮೊಹರು ಒಡೆದು ಓದಿ ಮತ್ತೆ ಅಂಟಿಸುವುದು ಮಾಮೂಲಿ. ಮಂತ್ರಿಗಳನ್ನು ಬೈದು ಬರೆದ ನೂರಾರು ಕಾಗದ, ವಯಸ್ಸಾದ ಗೆಳೆಯನ ಮನೆಯಲ್ಲಿ, ಪರದೇಶದಲ್ಲಿ. ಅವನು ಸತ್ತರೆ ಯಾರ ಕೈಗೆ ಸೇರುತ್ತವೆ? ಈ ಚಿಂತೆ ಇತ್ತು, ಚರಿತ್ರೆಗೆ ಉಳಿಯಲಿ ಅನ್ನುವ ಆಸೆಯೂ ಇತ್ತು. ಮ್ಯಾನ್‌ಗೆ ಇದು ಗೊತ್ತಿತ್ತು, ಒಪ್ಪಿಯೇ ಕಳಿಸಿದ. ಆಮೇಲೆ ಬರೆಯುವುದೇನೂ ಕಡಿಮೆಯಾಗಲಿಲ್ಲ.

ಎಲ್ಲ ಸಲ ಇಷ್ಟು ಚೆನ್ನಾಗಿ ಆಗುವುದಿಲ್ಲ ಅನ್ನುವುದಕ್ಕೂ ವಾಲ್‌ಪೋಲ್‌ನೇ ಸಾಕ್ಷಿ. ಪ್ಯಾರಿಸ್ಸಿನ ಮದಾಮ್ ದ್ಯು ದೆಫಾಂ ಅನ್ನುವ ಕಣ್ಣು ಕಾಣದ ಹಿರಿಯ ಹೆಂಗಸು 1766ರಿಂದ 1780ರಲ್ಲಿ ಸಾಯುವವರೆಗೆ ಅವನಿಗೆ 800ಕ್ಕೂ ಹೆಚ್ಚು ಕಾಗದ ಬರೆಸಿದಳು, ಪ್ರೀತಿ ತುಂಬಿ. ಇಪ್ಪತ್ತು ವರ್ಷ ದೊಡ್ಡವಳ ಜೊತೆಗಿನ ಈ ಸಲಿಗೆ ಬಯಲಾದರೆ ಜನ ನಗುತ್ತಾರೆ ಅಂತ ಅವನಿಗೆ ವಿಪರೀತ ಹೆದರಿಕೆ. ತನ್ನ ಕಾಗದ ವಾಪಸ್ ಕೊಡು ಅಂತ ಬೆನ್ನು ಹತ್ತಿದ, ಗದರಿದ ಕೂಡ. ಕೊನೆಗೆ ಅವನದು ಬಹುಪಾಲು ನಾಶವಾಯಿತು, ಅವಳದು ಉಳಿಯಿತು. ಈಗ ಓದುವವರಿಗೆ ಅವಳು ಗೋಡೆಯ ಜೊತೆ ಮಾತಾಡಿದಂತೆ ಕಾಣುತ್ತದೆ. ಈ ವಿಷಯದಲ್ಲಿ ನಾನು ವಾಲ್‌ಪೋಲ್‌ನನ್ನು ಕ್ಷಮಿಸುವುದಿಲ್ಲ.

ಅಂದರೆ ವಾಪಸ್ ಕೇಳುವುದಕ್ಕೆ ಒಂದೇ ಅರ್ಥ ಇಲ್ಲ. ಕೇಳುವವರನ್ನು ನನ್ನ ಕೆಲಸದಲ್ಲಿ ಬಹಳ ನೋಡಿದ್ದೇನೆ. ಸಂಬಂಧ ಮುರಿಯಲು ಕೇಳುವವರು ಅಪರೂಪ. ಮುರಿಯುವವರು ಸಾಮಾನ್ಯವಾಗಿ ಸುಮ್ಮನಾಗಿಬಿಡುತ್ತಾರೆ. ಅರವತ್ತು ದಾಟಿದವರು ಕೇಳುವುದಕ್ಕೆ ಮಾಮೂಲಿ ಕಾರಣ ಎರಡು. ಒಂದು, ತಮ್ಮ ಕಥೆ ಬರೆಯಬೇಕು, ಅಥವಾ ಮೊಮ್ಮಕ್ಕಳಿಗೆ ಹೇಳಬೇಕು, ತಾರೀಖು ಮರೆತಿದೆ. ಎರಡು, ಯೌವನದಲ್ಲಿ ಗಂಡನ ಮನೆಯ ಬಗ್ಗೆ ಬರೆದದ್ದು ಈಗ ಯಾರ ಕಣ್ಣಿಗೂ ಬೀಳಬಾರದು. "ಸುಮ್ನೆ" ಅನ್ನುವ ಉತ್ತರ ಬಂದರೆ ಎರಡನೆಯದು ಇರಬಹುದು ಅಂತ ನನ್ನ ಅಂದಾಜು. ನಾಚಿಕೆ ಅಥವಾ ಅಳುಕು, ಸಿಟ್ಟಲ್ಲ.

ಕಾನೂನಿನ ಮಾತು ಚುಟುಕಾಗಿ: ಕಾಗದದ ಹಾಳೆ ಪಡೆದವರದ್ದು, ಅಂದರೆ ನಿಮ್ಮದು. ಅದರಲ್ಲಿರುವ ಬರವಣಿಗೆಯ ಹಕ್ಕು ಬರೆದವರದ್ದು. ಅವಳು ಕೇಳಿದಳೆಂದು ಕೊಡಲೇಬೇಕು ಅಂತೇನಿಲ್ಲ. ಹಾಗೆಯೇ ಅವಳ ಒಪ್ಪಿಗೆ ಇಲ್ಲದೆ ನೀವಾಗಲಿ ನಿಮ್ಮ ಮಗಳಾಗಲಿ ಅದನ್ನು ಅಚ್ಚು ಹಾಕಿಸುವಂತಿಲ್ಲ, ಫೇಸ್‌ಬುಕ್ಕಿಗೆ ಹಾಕುವಂತಿಲ್ಲ.

ಪೂರ್ತಿ ಮೂಲವನ್ನೇ ಕೊಟ್ಟುಬಿಡುವುದು ಒಂದು ದಾರಿ. ಉದಾರವಾದದ್ದು, ಆದರೆ ಹೋದದ್ದು ಮತ್ತೆ ಬರುವುದಿಲ್ಲ. ಅವಳ ಮನೆಯವರ ಕೈಗೆ ಸಿಕ್ಕಿದರೆ ನೀವು ಏನೂ ಮಾಡಲಾಗದು. ಕೊಡುವುದಿಲ್ಲ ಅನ್ನುವುದು ಇನ್ನೊಂದು. ಕಾಗದ ಉಳಿಯುತ್ತದೆ, ಬರೆದವಳು ಉಳಿಯುತ್ತಾಳೋ ಇಲ್ಲವೋ. ಫೋಟೋ ತೆಗೆದಿಟ್ಟುಕೊಂಡು ಹೇಳದೆ ಮೂಲ ಕಳಿಸುವವರೂ ಇದ್ದಾರೆ. ದಯವಿಟ್ಟು ಅದು ಬೇಡ. ಗೊತ್ತಾದ ದಿನ ನಲವತ್ತು ವರ್ಷ ನೀರುಪಾಲು.

ನಾನು ಹೇಳುವುದು ಹೀಗೆ. ಮೊದಲು ಫೋನ್ ಮಾಡಿ ನೇರವಾಗಿ ಕೇಳಿ: "ಕೊಡ್ತೀನಿ. ಇಟ್ಕೊಳ್ಳೋಕೋ, ಸುಡೋಕೋ?" ಓದುವುದಕ್ಕೆ ಅಂದರೆ, ಪ್ರತಿ ಮಾಡಿಕೊಂಡು ಮೂಲ ಕಳಿಸುತ್ತೇನೆ, ಆಗಬಹುದಾ ಅನ್ನಿ. ಅದರ ಜೊತೆಗೇ ನಿಮ್ಮ ಕಾಗದಗಳು ಅವಳ ಹತ್ತಿರ ಇವೆಯೇ ಕೇಳಿ. ಇದ್ದರೆ ಅವುಗಳ ಪ್ರತಿ ತರಿಸಿಕೊಳ್ಳಿ. ಮಗಳಿಗೆ ಕೆಲಸ ಕೊಡಿ, ಎರಡೂ ಕಡೆಯದನ್ನು ತಾರೀಖಿನ ಪ್ರಕಾರ ಹೆಣೆಯಲಿ. ಮೆಕಾಲೆಗೆ ಸಿಗದ್ದು ಅವಳಿಗೆ ಸಿಗುತ್ತದೆ. ಸುಡುವುದಕ್ಕೆ ಅಂದರೆ, ಚುಚ್ಚುವ ಕಾಗದಗಳು ಯಾವುವು ಅಂತ ಕೇಳಿ, ಅಷ್ಟನ್ನು ಪ್ರತಿ ಇಟ್ಟುಕೊಳ್ಳದೆ ಕೊಟ್ಟುಬಿಡಿ. ಉಳಿದದ್ದನ್ನು ಬಿಡು ಅನ್ನಿ. ಹೆಚ್ಚಿನವರು ಒಪ್ಪುತ್ತಾರೆ. ಎಲ್ಲವನ್ನೂ ಸುಡಲೇಬೇಕು ಅಂದರೆ ನನ್ನ ಕಸುಬಿಗೆ ವಿರುದ್ಧವಾದರೂ ಹೇಳುತ್ತೇನೆ: ಕೊಡಿ. ಅದು ಅವಳ ಬದುಕು.

ಪ್ರತಿ ಮಾಡುವಾಗ ಇಷ್ಟು ನೋಡಿಕೊಳ್ಳಿ. ಇನ್‌ಲ್ಯಾಂಡ್‌ನ ಒಳಗಡೆ ಮಾತ್ರವಲ್ಲ, ವಿಳಾಸ, ಅಂಚೆಮುದ್ರೆ ಇರುವ ಹೊರಗಡೆಯದನ್ನೂ ಫೋಟೋ ತೆಗೆಯಿರಿ. ಎಷ್ಟೋ ಸಲ ತಾರೀಖು ಸಿಗುವುದು ಮುದ್ರೆಯಲ್ಲೇ. ಮಡಚುವ ತುದಿಯಲ್ಲಿ ಜಾಗ ಸಾಲದೆ ಬರೆದ ಸಾಲನ್ನು ಬಿಡಬೇಡಿ. ತುಕ್ಕು ಹಿಡಿದ ಪಿನ್ನು, ಸ್ಟೇಪ್ಲರ್ ಪಿನ್ನು ತೆಗೆದುಬಿಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಶಾಯಿಯ ಪೆನ್ನಿನಲ್ಲಿ ಬರೆದದ್ದಿದ್ದರೆ ಒದ್ದೆ ಕೈ ಸೋಕಿಸಬೇಡಿ. ಮಳೆಗಾಲದಲ್ಲಿ ಕಳಿಸಬೇಡಿ, ಒಂದೇ ಪಾರ್ಸೆಲಿನಲ್ಲಿ ಎಲ್ಲವನ್ನೂ ಕಳಿಸಬೇಡಿ. ಜಮ್‌ಶೆಡ್‌ಪುರದ ಕಡೆ ಹೋಗುವ ನಂಬಿಕಸ್ಥರು ಯಾರಾದರೂ ಇದ್ದರೆ ಅವರ ಕೈಯಲ್ಲೇ ಕೊಟ್ಟು ಕಳಿಸಿ. ಯಾರೂ ಇಲ್ಲದಿದ್ದರೆ ನೀವೇ ರೈಲು ಹತ್ತಿ. ಮೈ ಕೇಳುವಷ್ಟು ಗಟ್ಟಿ ಇದ್ದೀರಿ ತಾನೇ?